ದೊಡ್ಡತಾಯಮ್ಮ ಹೆದರಿದ ಪದ

ದೊಪ್ಪನೆ ಒಂದು ಸದ್ದು. ಹಿತ್ತಲಿನ ಬೇಲಿಯಾಚೆ ತೆಂಗಿನ ಮರದಿಂದ ಒಣಕಾಯೊಂದು ತಾನಾಗಿ ಕಳಚಿ ಬಿದ್ದಿತ್ತು. ಶೀಳನೆರೆಯ ಆ ಬೀದಿಯಲ್ಲಿ ಈ ಸದ್ದಿಗೆ ತಲೆಯೆತ್ತುವವರಿಲ್ಲ. ನಾಯಿಗಳೂ ಮಲಗಿದಲ್ಲಿಂದ ಏಳುವುದಿಲ್ಲ. ಹಾಲು ಕರೆಯುತ್ತ ಕೂತಿದ್ದ ದೊಡ್ಡತಾಯಮ್ಮನ ಕೈ ಮಾತ್ರ ನಿಂತಿತು. ಹಸು ತಿರುಗಿ ನೋಡಿತು. ಒಳಗೆ ಕೋಣೆಯಲ್ಲಿ ಸೊಸೆ ಮಗ್ಗುಲು ಬದಲಿಸಿದ ಸಪ್ಪಳ ಕೇಳುವವರೆಗೆ ಅವಳು ಉಸಿರು ಹಿಡಿದುಕೊಂಡಿದ್ದಳು. ಕೇಳಿದ ಮೇಲೆ ಮತ್ತೆ ಕೆಚ್ಚಲಿಗೆ ಕೈ ಹಾಕಿದಳು.

ಹೀಗೆ ಬೆಚ್ಚುವ ಹೆಂಗಸಲ್ಲ ಅವಳು. ನಾಗಮಂಗಲದ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದಾಗ ಈ ಮನೆಯಲ್ಲಿ ಒಂದೇ ಹಸುವಿತ್ತು. ಗಂಡ ತೀರಿಕೊಂಡ ಮೇಲೆ ಗದ್ದೆಗೆ ನೀರು ಕಟ್ಟುವುದು, ದನ ನೋಡುವುದು, ಮಗನನ್ನೂ ಮಗಳನ್ನೂ ಓದಿಸುವುದು ಎಲ್ಲ ಅವಳ ತಲೆಗೇ ಬಂತು. ಹುಲ್ಲಿನ ಬಣವೆಯಲ್ಲಿ ಹಾವು ಕಂಡು ಬೀದಿಯವರು ದೂರ ನಿಂತು ಕೂಗುವಾಗ, ಕೋಲಿನಲ್ಲಿ ಎತ್ತಿ ಬೇಲಿಯಾಚೆ ಬಿಟ್ಟು ಬರುವವಳು ಅವಳೇ. ಡೈರಿಯಲ್ಲಿ ಹಾಲಿನ ಗಟ್ಟಿತನ ಅಳೆದು, ಡಿಗ್ರಿ ಕಡಿಮೆ ಬಂತೆಂದು ವಾಪಸ್ಸು ಕೊಟ್ಟರೆ, ಇನ್ನೊಮ್ಮೆ ನೋಡುವವರೆಗೆ ಅಲ್ಲಿಂದ ಕದಲುತ್ತಿರಲಿಲ್ಲ. ಬೀದಿಯ ಯಾವ ಮನೆಯ ಬಸುರಿಯನ್ನು ಆಸ್ಪತ್ರೆಗೆ ಕರೆದೊಯ್ಯುವುದಿದ್ದರೂ ಮೊದಲು ದೊಡ್ಡತಾಯಮ್ಮನನ್ನು ಕೂಗುತ್ತಿದ್ದರು. ಅವಳಿಗೆ ವೈದ್ಯವೇನೂ ಬರುತ್ತಿರಲಿಲ್ಲ. ಹೊರಗಿನ ಬೆಂಚಿನ ಮೇಲೆ ಅವಳು ಸೆರಗು ಹೊದ್ದು ಕೂತಿದ್ದರೆ ಉಳಿದವರಿಗೆ ಧೈರ್ಯ, ಅಷ್ಟೆ.

ಕಳೆದ ವರ್ಷದಿಂದ ಅವಳು ಯಾರ ಜೊತೆಗೂ ಹೋಗಿಲ್ಲ. ಕರೆಯಲು ಬಂದವರಿಗೆ ಹಸುವಿನ ನೆಪ ಹೇಳುತ್ತಾಳೆ. ನಿಜವಾದ ಕಾರಣ ಹೇಳಿದರೆ ಯಾರೂ ನಂಬುವುದಿಲ್ಲ. ಅವಳು ಒಂದು ಪದಕ್ಕೆ ಹೆದರುತ್ತಾಳೆ. ಅದೂ ಇಂಗ್ಲಿಷ್ ಪದ.

ಕಳೆದ ವರ್ಷ ಸೊಸೆ ಶ್ವೇತಳಿಗೆ ಎಂಟು ತಿಂಗಳು ತುಂಬಿತ್ತು. ಒಂದು ಮಧ್ಯಾಹ್ನ ಹೊಟ್ಟೆ ಕಲ್ಲಿನ ಹಾಗೆ ಬಿಗಿದಿದೆ ಎಂದಳು. ನರ್ಸಿಂಗ್ ಹೋಮಿನಲ್ಲಿ ಹೊಟ್ಟೆಗೆ ಪಟ್ಟಿ ಕಟ್ಟಿ ಒಂದು ಯಂತ್ರ ಹಚ್ಚಿದರು. ಅದರಿಂದ ಕುದುರೆ ಓಡುವಂಥ ಸದ್ದು ಬರುತ್ತಿತ್ತು. ಮಗುವಿನ ಎದೆಬಡಿತ ಎಂದು ನರ್ಸು ಹೇಳಿದಾಗ ದೊಡ್ಡತಾಯಮ್ಮ ನಕ್ಕಿದ್ದಳು. ಸ್ವಲ್ಪ ಹೊತ್ತಿನಲ್ಲಿ ಆ ಕುದುರೆ ನಡೆಯತೊಡಗಿತು. ಡಾಕ್ಟರು ಪರದೆ ಸರಿಸಿ ಬಂದರು, ಕೇಳಿಸಿಕೊಂಡರು, ನರ್ಸಿನ ಕಡೆ ತಿರುಗಿ ಒಂದು ಪದ ಹೇಳಿದರು. ಆ ಪದ ಕೇಳಿದ್ದೇ ಎಲ್ಲರೂ ಓಡಾಡತೊಡಗಿದರು. ದೊಡ್ಡತಾಯಮ್ಮನನ್ನು ಪರದೆಯಾಚೆ ಕಳಿಸಿದರು. ಸಂಜೆಯ ಹೊತ್ತಿಗೆ ಮಗು ಇರಲಿಲ್ಲ. ಹೆಣ್ಣುಮಗು. ತಲೆಗೂದಲು ದಟ್ಟವಾಗಿತ್ತು.

ಆಮೇಲೆ ಡಾಕ್ಟರು ಮಗ ಶಿವಶಂಕರನನ್ನು ಕೂರಿಸಿಕೊಂಡು ಏನೇನೋ ಹೇಳಿದರು. ಅವನು ತಲೆಯಾಡಿಸಿ ಬಂದ. ಏನೆಂದರು ಎಂದು ಅವಳು ಕೇಳಲಿಲ್ಲ, ಅವನೂ ಹೇಳಲಿಲ್ಲ. ಆ ಪದ ಮಾತ್ರ ಅವಳ ಕಿವಿಯಲ್ಲಿ ಉಳಿಯಿತು. ಅದೂ ಪೂರ್ತಿಯಲ್ಲ. ಶುರುವಿನಲ್ಲಿ ‘ಡೆ’ಯಂಥದ್ದೊಂದು, ಕೊನೆಯಲ್ಲಿ ‘ಏಶನ್ನು’. ನಡುವೆ ಖಾಲಿ. ಮುದ್ದೆ ತಿರುವುವಾಗ, ಸಗಣಿ ಬಾಚುವಾಗ, ಬಸ್ಸಿನ ಕಿಟಕಿಯ ಪಕ್ಕ ಕೂತಾಗ ಆ ಖಾಲಿ ಜಾಗ ಅವಳೆದುರು ಬಾಯಿ ತೆರೆದುಕೊಂಡು ನಿಲ್ಲುತ್ತಿತ್ತು.

ಈ ವರ್ಷ ಶ್ವೇತಳಿಗೆ ಮತ್ತೆ ಏಳು ತಿಂಗಳು. ಪಾಂಡವಪುರದಲ್ಲಿರುವ ದೊಡ್ಡತಾಯಮ್ಮನ ಅಕ್ಕ ಫೋನು ಮಾಡಿದಾಗಲೆಲ್ಲ ಒಂದೇ ಮಾತು ಹೇಳುತ್ತಿದ್ದಳು: ಮನೆ ತೋರಿಸು, ಗಂಜಾಂನಲ್ಲಿ ವಾಸ್ತು ನೋಡುವವರೊಬ್ಬರಿದ್ದಾರೆ, ಕೈಗುಣ ಚೆನ್ನಾಗಿದೆ. ಕೊನೆಗೆ ಒಂದು ಶುಕ್ರವಾರ ಶಿವಶಂಕರ ಹೋಗಿ ಅವರನ್ನು ಬೈಕಿನಲ್ಲಿ ಕೂರಿಸಿಕೊಂಡು ಬಂದ.

ಮಹದೇವಸ್ವಾಮಿ ಎಂದು ಅವರ ಹೆಸರು. ಮೊದಲು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದವರು, ಮೆತ್ತಗಿನ ಮಾತಿನವರು. ಬಾಗಿಲ ಹೊಸ್ತಿಲ ಮೇಲೆ ಹಿತ್ತಾಳೆಯ ದಿಕ್ಸೂಚಿ ಇಟ್ಟು ಮುಳ್ಳು ನಡುಗುವುದು ನಿಲ್ಲಲೆಂದು ಕಾದರು. ಆಮೇಲೆ ಅದರ ಪಕ್ಕದಲ್ಲಿ ಮೊಬೈಲು ಇಟ್ಟರು.

“ಇದ್ಯಾಕ್ ಸಾ, ಎರಡೂ ಬ್ಯಾರೆ ಬ್ಯಾರೆ ಕಡೆ ತೋರುಸ್ತಾವೆ?” ಎಂದು ಶಿವಶಂಕರ ಬಗ್ಗಿ ನೋಡಿದ.

“ಮುಳ್ಳು ನಿಜವಾದ ಉತ್ತರ ದಿಕ್ಕು ತೋರಿಸಲ್ಲಪ್ಪ. ಒಂಚೂರು ಪಕ್ಕಕ್ಕೆ ವಾಲ್ಕೊಂಡೇ ಇರುತ್ತೆ. ಅದಕ್ಕೆ ಡೆಕ್ಲಿನೇಶನ್ ಅಂತಾರೆ. ಅದನ್ನ ಕಳೆದು ನೋಡಿದ್ರೂ ನಿಮ್ಮ ಬಾಗ್ಲು ಆಗ್ನೇಯಕ್ಕೆ ಸ್ವಲ್ಪ...”

ಬಾಗಿಲಿನ ವಿಷಯ ದೊಡ್ಡತಾಯಮ್ಮನಿಗೆ ಕೇಳಿಸಲೇ ಇಲ್ಲ. ಕಾಫಿ ಲೋಟ ಹಿಡಿದು ಬರುತ್ತಿದ್ದವಳು ನಡುಮನೆಯಲ್ಲೇ ನಿಂತಳು. ವರ್ಷವಿಡೀ ಖಾಲಿಯಿದ್ದ ಜಾಗ ತುಂಬಿಕೊಂಡಿತ್ತು. ಡೆ, ಕ್ಲಿ, ನೇಶನ್ನು. ಆಸ್ಪತ್ರೆಯ ಪರದೆಯ ಹಿಂದೆ ಹೇಳಿದ ಪದ ಹಗಲು ಹೊತ್ತಿನಲ್ಲಿ ಅವಳ ಹೊಸ್ತಿಲ ಮೇಲೆ ಬಂದು ಕೂತಿತ್ತು.

“ಏನಂದ್ರಿ ಸ್ವಾಮಿ?”

“ಡೆಕ್ಲಿನೇಶನ್, ತಾಯಿ.”

“ಅದು ನಮ್ಮನೇಲಿ ಅದಾ?”

“ಎಲ್ಲ ಕಡೆನೂ ಇರುತ್ತೆ ತಾಯಿ. ಒಂದೊಂದು ಊರಲ್ಲಿ ಒಂದೊಂದು ಅಳತೆ. ವರ್ಷ ಕಳೆದ ಹಾಗೆ ಅದೂ ಬದಲಾಗ್ತಾ ಇರುತ್ತೆ.” ಅವರು ಸಮಾಧಾನಕ್ಕೆಂದೇ ಹೇಳಿದರು. ಲೋಟ ಇಸಿದುಕೊಂಡು, ಬಾಗಿಲನ್ನು ಒಂದು ಗೇಣು ಎಡಕ್ಕೆ ಸರಿಸಿ ಚೌಕಟ್ಟು ನೆಟ್ಟಗೆ ಮಾಡಿಸಿದರೆ ಒಳ್ಳೆಯದು, ಅವಸರವೇನಿಲ್ಲ, ಬಿಡುವಾದಾಗ ಮಾಡಿಸಿ ಎಂದರು.

ಅವರು ಹೊರಟ ಮೇಲೆ ದೊಡ್ಡತಾಯಮ್ಮ ಮಗನಿಗೆ ಹೇಳಿದಳು: “ಗಾರೆ ಕುಳ್ಳಯ್ಯಂಗೆ ಫೋನ್ ಮಾಡ್ಲಾ. ಸೋಮ್ವಾರ ಬಂದು ಬಾಗ್ಲು ಕಿತ್ತಾಕ್ಲಿ.”

“ಅವಸ್ರ ಇಲ್ಲ ಅಂದ್ರಲ್ಲವ್ವ.”

“ಅವ್ರ ಮನೆ ಕೂಸಲ್ಲ ಕಣ್ಲಾ ಒಳಗಿರೋದು.”

ಆ ಸಂಜೆ ಮಗಳು ದಿವ್ಯ ಕಾಲೇಜಿನಿಂದ ಬಂದು ಕೈಕಾಲು ತೊಳೆಯುತ್ತಿದ್ದಳು. ಅವಳು ಕೆ.ಆರ್. ಪೇಟೆಯಲ್ಲಿ ಬಿ.ಎ. ಕೊನೆಯ ವರ್ಷ ಓದುತ್ತಾಳೆ. ದೊಡ್ಡತಾಯಮ್ಮ ಹತ್ತಿರ ಹೋಗಿ, ಸೊಸೆಗೆ ಕೇಳಿಸದ ಹಾಗೆ ಕೇಳಿದಳು.

“ಲೇ, ಡೆಕ್ಲಿನೇಸನ್ನು ಅಂದ್ರೇನೆ?”

ದಿವ್ಯ ನೀರಿನ ಚೆಂಬು ಕೆಳಗಿಟ್ಟಳು. “ಏನವ್ವ, ನಾನು ಡಿಗ್ರಿ ಮುಗ್ಸೋ ಹೊತ್ಗೆ ನೀನು ಎಂ.ಎ. ಮಾಡ್ಕೊಂಡ್ಬುಡ್ತೀಯಾ?”

“ಬಾಯಿ ಮುಚ್ಕೊಂಡು ಯೋಳು.”

“ನಂಗೂ ಸರಿಯಾಗ್ ಗೊತ್ತಿಲ್ಲ. ಇಂಗ್ಲಿಷ್ ಮೇಡಮ್ಮನ್ನ ಕೇಳ್ಕೊಂಡ್ ಬತ್ತೀನಿ.”

ಮಾರನೆಯ ದಿನ ಕೊಟ್ಟಿಗೆಯಲ್ಲಿ ಹಸಿಹುಲ್ಲು ಕತ್ತರಿಸುವಾಗ ದಿವ್ಯ ಬಂದು ಎದುರಿಗೆ ಕುಕ್ಕರಗಾಲಲ್ಲಿ ಕೂತಳು. ಹೊಸದೇನಾದರೂ ಕಲಿತ ದಿನ ಅವಳ ಕಣ್ಣಿನ ಹೊಳಪೇ ಬೇರೆ.

“ಮೇಡಂ ಅರ್ಧ ಕ್ಲಾಸು ಅದ್ರಲ್ಲೇ ಕಳುದ್ರು ಕಣವ್ವ. ಲ್ಯಾಟಿನ್ ಅಂತ ಒಂದು ಹಳೇ ಭಾಷೆ. ಈಗ ಅದನ್ನ ಮನೇಲಿ ಆಡೋರು ಯಾರೂ ಇಲ್ಲ. ಅದ್ರಲ್ಲಿ ‘ಕ್ಲಿನಾರೆ’ ಅಂದ್ರೆ ವಾಲೋದು, ಬಾಗೋದು. ‘ಡೆ’ ಅಂದ್ರೆ ಅತ್ತಾಗೆ, ಕೆಳಕ್ಕೆ. ಎರಡೂ ಸೇರುದ್ರೆ, ಇದ್ದ ಜಾಗದಿಂದ ಅತ್ತಾಗೆ ವಾಲ್ಕೊಳ್ಳೋದು.”

“ಆಡೋರೆಲ್ಲ ಸತ್ತೋದ್ ಭಾಷೆ ಮಾತು ನಮ್ಮನೇಗ್ಯಾಕ್ ಬಂತು?”

“ಮಾತು ಅಂಗೇ ಕಣವ್ವ, ಸುತ್ತಾಡ್ಕೊಂಡ್ ಬತ್ತವೆ. ಮೊದ್ಲು ತಲೆ ಬಗ್ಸೋದ್ಕೆ ಅಂತಿದ್ರಂತೆ. ಆಮ್ಯಾಲೆ ಇಳಿದೋಗೋದ್ಕೂ ಅಂದ್ರು. ಮೈಯಾಗಿನ ಕಸುವು, ಬಾಳೋ ಮನೆ, ಏನಾರ ಇಳಿದೋದ್ರೆ.”

ದೊಡ್ಡತಾಯಮ್ಮ ಕುಡುಗೋಲನ್ನು ನೆಲಕ್ಕಿಟ್ಟಳು. “ಇನ್ನೂ ಅದಾ?”

“ಆಕಾಶ ನೋಡೋರೂ ಈ ಪದಾನ ಇಟ್ಕೊಂಡವ್ರೆ. ಸೂರ್ಯ ಆಕಾಶದ ನಡುಗೆರೆಯಿಂದ ಎಷ್ಟು ಉತ್ರಕ್ಕೆ, ಎಷ್ಟು ದಕ್ಷಿಣಕ್ಕೆ ಸರಿದವ್ನೆ ಅನ್ನೋದು. ನಮ್ ಪಂಚಾಂಗ್ದೋರು ಕ್ರಾಂತಿ ಅಂತಾರಂತಲ್ಲ, ಅದೇಯ. ಚಳೀಲಿ ಸೂರ್ಯ ಆ ಉಣಸೆಮರದ ಬಲಕ್ಕೆ ಉಟ್ತಾನೆ, ಬ್ಯಾಸ್ಗೇಲಿ ಎಡಕ್ಕೆ ಬತ್ತಾನೆ. ನೋಡಿಲ್ವಾ?”

ನೋಡದೆ ಏನು. ಬೆಳಗಿನ ಬಿಸಿಲು ಬಾಗಿಲಿಂದ ಬಂದು ಚಳಿಗಾಲದಲ್ಲಿ ಬೀಸುಕಲ್ಲಿನ ಮೇಲೆ, ಬೇಸಿಗೆಯಲ್ಲಿ ಕಂಬದ ಬುಡದಲ್ಲಿ ಬೀಳುವುದನ್ನು ಅವಳು ಮದುವೆಯಾಗಿ ಬಂದಂದಿನಿಂದ ನೋಡಿದ್ದಾಳೆ. “ಓದೋನು ವಾಪಸ್ ಬತ್ತಾನಲ್ಲ,” ಎಂದಳು, ಮೆಲ್ಲಗೆ.

“ಬತ್ತಾನೆ.”

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ದಿವ್ಯ ತಾಯಿಯ ಮುಖ ನೋಡುತ್ತಿರಲಿಲ್ಲ, ಕಲಿತದ್ದನ್ನು ನೆನೆಸಿಕೊಳ್ಳುತ್ತಿದ್ದಳು.

“ಅಮೆರಿಕದ ಕಡೆ ಇನ್ನೊಂದರ್ಥ ಅದಂತೆ. ಯಾರಾರ ಕರುದ್ರೆ, ಬರಾಕಿಲ್ಲ ಅಂತ ಮರ್ಯಾದೆಯಿಂದ ಯೋಳ್ ಕಳ್ಸೋದು. ಅದ್ಕೂ ಡೆಕ್ಲಿನೇಶನ್ನೇ. ಆಮ್ಯಾಲೆ ಇನ್ನೊಂದ್ ತಮಾಷೆ ಗೊತ್ತಾ? ಕ್ಲಿನಿಕ್ಕು ಅಂತೀವಲ್ಲ, ಅದೂ ಇದ್ರ ನೆಂಟ್ರೇ. ಗ್ರೀಕರ ಭಾಷೇಲಿ ಅದ್ಕೆ ಒರಗೋದು, ಒರಕ್ಕೊಳ್ಳೋ ಮಂಚ ಅಂತ ಅರ್ಥ. ಕಾಯಿಲೆಯೋರು ಮಂಚದ ಮ್ಯಾಲೆ ಮಲಗ್ತಾರಲ್ಲ, ಅದ್ಕೆ ಕ್ಲಿನಿಕ್ಕು. ಬೇರು ಒಂದೇ.”

“ಸಾಕು ಬುಡು,” ಎಂದು ದೊಡ್ಡತಾಯಮ್ಮ ಎದ್ದಳು. ಹುಲ್ಲು ಅಲ್ಲೇ ಉಳಿಯಿತು.

ವಾಲುವುದು, ಇಳಿಯುವುದು, ಕರೆದರೆ ಬರುವುದಿಲ್ಲ ಎನ್ನುವುದು, ಆಸ್ಪತ್ರೆಯ ಮಂಚ. ಎಲ್ಲೆಲ್ಲಿಂದಲೋ ಹೊರಟ ಅರ್ಥಗಳು ಸುತ್ತಿ ಬಳಸಿ ಅವಳ ಸೊಸೆಯ ಕೋಣೆಯ ಮುಂದೆಯೇ ಬಂದು ನಿಂತವು. ಮನೆಯಲ್ಲಿ ಎಲ್ಲರೂ ಕರೆಯುತ್ತಿರುವುದು ಒಂದು ಜೀವವನ್ನು. ಅದು ಬರುವುದಿಲ್ಲ ಎಂದರೆ? ಒಮ್ಮೆ ಹಾಗಂದು ಹೋಗಿದೆಯಲ್ಲ?

ಅಂದಿನಿಂದ ಅವಳ ಕಣ್ಣು ಶ್ವೇತಳ ಮೇಲೆಯೇ. ಬಸುರಿ ಸೊಂಟಕ್ಕೆ ಕೈಯಿಟ್ಟು ಹಿಂದಕ್ಕೆ ಬಾಗಿ ನಿಲ್ಲುವುದು ಹೊಸದೇನಲ್ಲ, ತಾನೂ ಹಾಗೆಯೇ ನಿಂತಿದ್ದಳು. ಈಗ ಅದನ್ನು ಕಂಡರೂ ಕೈಯ ಕೆಲಸ ಬಿಟ್ಟು ಓಡಿ ಬರುವಳು. ಗೋಡೆಗೆ ಒರಗಿ ಕೂತರೆ “ನೆಟ್ಗೆ ಕೂತ್ಕೊಳವ್ವ” ಎನ್ನುವಳು. ಶ್ವೇತ ಬಿಂಡಿಗನವಿಲೆಯ ಹುಡುಗಿ, ಹೆಚ್ಚು ಮಾತಿಲ್ಲದವಳು. ಅತ್ತೆಗೆ ಏನೋ ಆಗಿದೆ ಎಂದು ತಿಳಿದರೂ ಕೇಳಲಿಲ್ಲ. ಭಾನುವಾರ ಊಟಕ್ಕೆ ಕೂತಾಗ ಇನ್ನರ್ಧ ಮುದ್ದೆ ಇಡಲು ಹೋದ ದೊಡ್ಡತಾಯಮ್ಮನಿಗೆ ಕೈ ಅಡ್ಡ ಹಿಡಿದು, “ಬ್ಯಾಡ ಅತ್ತೆ” ಎಂದಳು.

ದೊಡ್ಡತಾಯಮ್ಮನ ಕೈಯಲ್ಲಿದ್ದ ಮುದ್ದೆ ತಟ್ಟೆಯ ಅಂಚಿಗೆ ಬಿತ್ತು.

“ಬ್ಯಾಡ ಅನ್ಬ್ಯಾಡ ಕಣವ್ವ. ಸಾಕು ಅನ್ನು.”

“ಎರಡೂ ಒಂದೇ ಅಲ್ವಾ ಅತ್ತೆ?”

“ಒಂದೇ ಅಲ್ಲ. ಈ ಮನೇಲಿ ಯಾರೂ ಇನ್ಮ್ಯಾಲೆ ಬ್ಯಾಡ ಅನ್ಕೂಡ್ದು.”

ಶಿವಶಂಕರ ನಗೆಯಾಡಲು ನೋಡಿದ. “ಅಂಗಾರೆ ಬಸ್ಸಾರು ಬ್ಯಾಡ ಅನ್ನೋದಾದ್ರೆ ಏನನ್ಬೇಕವ್ವ, ನಾಳಿಕ್ಕಾಯ್ತದೆ ಅನ್ಲಾ?” ಯಾರೂ ನಗಲಿಲ್ಲ. ಅವನು ತಟ್ಟೆ ನೋಡಿಕೊಂಡು ಉಂಡ.

ಸೋಮವಾರ ಬೆಳಿಗ್ಗೆ ಗಾರೆ ಕೆಲಸದ ಕುಳ್ಳಯ್ಯ ಹಾರೆ, ಸುತ್ತಿಗೆ, ಬಾಣಲಿ ಹೊತ್ತು ಬಂದ. ಈ ಮನೆಯ ಹಿತ್ತಲ ಗೋಡೆ ಕಟ್ಟಿದವನೂ ಅವನೇ. ಬಾಗಿಲ ಚೌಕಟ್ಟನ್ನು ಬೆರಳಲ್ಲಿ ತಟ್ಟಿ ನೋಡಿದ, ಮಣ್ಣು ಕೆರೆದ. ಅಷ್ಟರಲ್ಲಿ ಶ್ವೇತ ಕೋಣೆಯಿಂದ ಹೊರಗೆ ಬಂದಳು. ಕುಳ್ಳಯ್ಯ ಅವಳನ್ನೊಮ್ಮೆ ನೋಡಿ ಹಾರೆಯನ್ನು ಗೋಡೆಗೆ ಒರಗಿಸಿದ.

“ಏನಕ್ಕ, ಬಸ್ರಿ ಎಂಗ್ಸು ಮನೇಲವ್ಳೆ, ಬಾಗ್ಲು ಕೀಳು ಅಂತೀಯಲ್ಲ. ಶಿವ ಫೋನಲ್ಲಿ ಯೋಳ್ಲೇ ಇಲ್ಲ.”

“ವಾಸ್ತುನೋರು ಯೋಳವ್ರೆ ಕುಳ್ಳಯ್ಯ.”

“ಯಾರೇ ಯೋಳ್ಲಿ. ಬಸ್ರಿ ಇರೋ ಮನೇಲಿ ಗ್ವಾಡೆ ಕೆಡವಾಕಿಲ್ಲ ನಾನು. ನಮ್ಮಪ್ಪನೂ ಕೆಡವ್ಲಿಲ್ಲ. ಎರಿಗೆ ಆಗ್ಲಿ, ಮಗೀಗೆ ತೊಟ್ಲು ಆಕಿದ್ ಮಾರ್ನೇ ದಿನ ಬತ್ತೀನಿ, ಬಾಗ್ಲೇನು ಮನೇನೇ ತಿರುಗ್ಸಿ ಕೂರುಸ್ತೀನಿ.”

ದೊಡ್ಡತಾಯಮ್ಮನಿಗೂ ಇದು ಗೊತ್ತಿಲ್ಲದ್ದಲ್ಲ. ಇಂಥ ಮನೆಯಲ್ಲಿ ಮೊಳೆ ಹೊಡೆಯುವುದಕ್ಕೂ ಹಿಂದುಮುಂದು ನೋಡುವವಳು ಅವಳೇ. ಈಗ ಎರಡು ಭಯಗಳ ನಡುವೆ ನಿಂತಿದ್ದಳು. ಬಾಗಿಲು ಕಿತ್ತರೆ ಕೂಸಿಗೆ ಕೇಡು. ಕೀಳದಿದ್ದರೆ ಆ ಪದ ಹೊಸ್ತಿಲ ಮೇಲೆಯೇ ಕೂತಿರುತ್ತದೆ. ಹಾರೆಯನ್ನೊಮ್ಮೆ, ಸೊಸೆಯನ್ನೊಮ್ಮೆ ದಿಕ್ಕುಗಾಣದೆ ನೋಡಿದಳು. ಶಿವಶಂಕರ ತಾಯಿಯನ್ನು ಹಾಗೆ ಕಂಡದ್ದು ಅಪ್ಪ ಹೋದ ದಿನ ಮಾತ್ರ.

“ಕಿತ್ತಾಕು ಕುಳ್ಳಯ್ಯ. ನಿಂಗ್ ಗೊತ್ತಿಲ್ಲ. ಓದ್ ವರ್ಷ ಡಾಕ್ಟ್ರು ಅದ್ನೇ ಅಂದಿದ್ದು. ನನ್ ಕಿವೀಲೇ ಕೇಳಿವ್ನಿ. ಡೆಕ್ಲಿನೇಸನ್ನು ಅಂದ್ರು, ಕೂಸು ಓಯ್ತು. ಈಗ ಇವ್ರೂ ಬಂದು ಬಾಗ್ಲತ್ರ ನಿಂತು ಅದ್ನೇ ಅಂದವ್ರೆ.”

ದಿವ್ಯ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಕೊಟ್ಟಿಗೆಯಲ್ಲಿ ತಾನು ಹೇಳಿದ್ದು ಒಂದೊಂದಾಗಿ ನೆನಪಾಗುತ್ತಿತ್ತು.

ಶ್ವೇತ ನಿಧಾನವಾಗಿ ನಡೆದು ಬಂದು ಅತ್ತೆಯ ಎದುರು ನಿಂತಳು.

“ಅವ್ರು ಅಂದಿದ್ದು ಅದಲ್ಲ ಅತ್ತೆ.”

“ಅದೇಯ.”

“ಅಲ್ಲ. ನಾನು ಮಂಚದ ಮ್ಯಾಲೇ ಇದ್ನಲ್ಲ. ಡೀಸೆಲರೇಶನ್ ಅಂದ್ರು. ಆಮ್ಯಾಲೆ ನರ್ಸಮ್ಮನ್ನ ಕೇಳ್ದೆ. ಮಗೀನ ಎದೆ ಬಡ್ಕೊಳ್ಳೋದು ನಿಧಾನ ಆಗೋದಂತೆ. ಬ್ಯಾರೆ ಪದ ಅತ್ತೆ. ಬಾಗ್ಲಿಗೂ ಅದ್ಕೂ ಸಂಬಂಧ ಇಲ್ಲ.”

ದೊಡ್ಡತಾಯಮ್ಮ ಆ ಪದವನ್ನು ಬಾಯೊಳಗೇ ಒಮ್ಮೆ ಹೇಳಿ ನೋಡಿದಳು. ಶುರುವೂ ಕೊನೆಯೂ ತಾನು ಇಟ್ಟುಕೊಂಡಿದ್ದ ಹಾಗೆಯೇ ಇದ್ದವು. ನಡುವಿನದು ಬೇರೆ. ಕುದುರೆ ನಡೆಯತೊಡಗಿದ ಆ ಸದ್ದು ಮತ್ತೆ ಕೇಳಿತು. ಹೌದು, ನಿಧಾನವಾಗಿತ್ತು. ಅಷ್ಟನ್ನು ತಿಳಿಯುವುದಕ್ಕೆ ಯಾವ ಭಾಷೆಯೂ ಬೇಕಿರಲಿಲ್ಲ.

ಮೈ ಹಗುರಾಗಬೇಕಿತ್ತು, ಆಗಲಿಲ್ಲ. ಇಷ್ಟು ದಿನ ಭಯಕ್ಕೆ ಒಂದು ಹೆಸರಿತ್ತು, ಇರಲು ಒಂದು ಜಾಗವಿತ್ತು, ಹಾರೆ ಹಾಕಿ ಕೀಳಬಹುದಾದ ಜಾಗ. ಈಗ ಅದು ಮನೆಯ ತುಂಬ ಹರಡಿಕೊಂಡಿತು. ಶ್ವೇತಳ ಮುಖವನ್ನು ದಿಟ್ಟಿಸಿದಳು. ಆ ಹುಡುಗಿಯ ಕೆಳತುಟಿ ಒಣಗಿತ್ತು. ಒಂದು ಕೈ ಹೊಟ್ಟೆಯ ಎಡಭಾಗವನ್ನು ಒತ್ತಿ, ಬಿಟ್ಟು, ಮತ್ತೆ ಒತ್ತಿ ಏನನ್ನೋ ಕಾಯುತ್ತಿತ್ತು.

“ಏನವ್ವ?”

“ಏನಿಲ್ಲ.”

“ಶ್ವೇತ.”

“ಬೆಳಗ್ಗೆ ಎದ್ದಾಗಿಂದ ಒದ್ದಿಲ್ಲ ಅತ್ತೆ.” ಅವಳು ಅತ್ತೆಯ ಸೆರಗು ಹಿಡಿದುಕೊಂಡಳು. “ಮಲಕ್ಕೊಂಡ್ ನೋಡ್ದೆ. ನೀರ್ ಕುಡುದ್ ನೋಡ್ದೆ. ನಿಮ್ಗೆ ಯೋಳಾಕೆ ಎದ್ರಿಕೆ ಆಯ್ತು. ನೀವು ಆಗ್ಲೇ ಅಷ್ಟು ಎದ್ರುಕೊಂಡಿದ್ರಿ.”

ಕುಳ್ಳಯ್ಯ ಹೊಸ್ತಿಲಿಂದ ಬಾಣಲಿ ತೆಗೆದು ದಾರಿ ಬಿಟ್ಟ. ಶಿವಶಂಕರ ಆಗಲೇ ಬೀದಿಗೆ ಹಾರಿ ಆಟೋದವನ ಹೆಸರು ಹಿಡಿದು ಕೂಗುತ್ತಿದ್ದ. ದೊಡ್ಡತಾಯಮ್ಮ ಒಳಗೆ ಹೋದಳು. ಹೊರಗೆ ಬರುವಾಗ ಅವಳ ಕೈಯಲ್ಲಿ ಸೊಸೆಯ ಚಪ್ಪಲಿ, ಒಂದು ಬಾಟಲಿ ನೀರು, ತನ್ನ ಹೊದೆಯುವ ಸೆರಗಿಗೆ ಒಂದು ಪಿನ್ನು ಇದ್ದವು. ಬಗ್ಗಿ ಚಪ್ಪಲಿಯನ್ನು ಶ್ವೇತಳ ಕಾಲಿಗೆ ತಾನೇ ತೊಡಿಸಿದಳು. ಪಟ್ಟಿ ಎರಡು ಸಲ ಜಾರಿತು.

“ನಾನೂ ಬತ್ತೀನವ್ವ,” ಎಂದಳು ದಿವ್ಯ. “ಡಾಕ್ಟ್ರು ಇಂಗ್ಲಿಷಲ್ಲಿ ಏನಾರ ಅಂದ್ರೆ ನಿಂಗೆ...”

“ನೀನ್ ಇಲ್ಲೇ ಇರು. ಗಬ್ಬದ ಹಸ ಈವತ್ತೋ ನಾಳೆಯೋ ಈಯೋ ಅಂಗದೆ.”

“ಅಲ್ಲ, ಏನಂದ್ರು ಅಂತ ಗೊತ್ತಾಗ್ಬೇಕಲ್ಲ.”

ದೊಡ್ಡತಾಯಮ್ಮ ಸೊಸೆಯ ಮೊಣಕೈ ಹಿಡಿದು ಹೊಸ್ತಿಲು ದಾಟಿದಳು. ಬೀದಿಯ ತುದಿಯಲ್ಲಿ ಆಟೋ ತಿರುಗುತ್ತಿತ್ತು. ಅದು ಬರುವವರೆಗೆ ನಿಲ್ಲಲು ಅವಳಿಂದಾಗಲಿಲ್ಲ, ಅದರ ಕಡೆಗೇ ನಡೆಯತೊಡಗಿದಳು.

“ಗೊತ್ತಾಗ್ದೆ ಏನು,” ಎಂದಳು, ತಿರುಗಿ ನೋಡದೆ. “ಏನಂದ್ರೂ ನಿಲ್ಸಿ ಕೇಳ್ತೀನಿ. ಅಂಗಂದ್ರೇನು, ಕನ್ನಡ್ದಲ್ಲಿ ಯೋಳಿ ಅಂತೀನಿ. ಆಚೆಗೋಗು ಅಂದ್ರೂ ಓಗಾಕಿಲ್ಲ, ಅವ್ರು ಬಾಯ್ಬುಟ್ಟು ಯೋಳೋ ಗಂಟ ನಾನು ಆ ಪರದೆ ಇಡ್ಕೊಂಡು ಅಲ್ಲೇ ನಿಂತಿರ್ತೀನಿ.”